ಮೊದಲು ಓದಬೇಕಾದ ಪುಸ್ತಕ

ಗುಲಾಬಿ ಗಿಡಕ್ಕೆ ಹುಳ ಹತ್ತಿತ್ತೆಂದು ಕೈತೋಟದ ಪುಸ್ತಕ ಹುಡುಕಿಕೊಂಡು ಆ ಮಧ್ಯಾಹ್ನ ಲೈಬ್ರರಿಗೆ ಹೋದೆ. ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಬರುತ್ತಿರಲಿಲ್ಲ. ಪರಿಚಯದ ಲೈಬ್ರರಿ ಮೇಡಂ ಮನೆ ರಿಪೇರಿಯ ಪುಸ್ತಕವೊಂದನ್ನು ಕೈಗಿಟ್ಟರು. ಅವರ ಬೆರಳು ಕೊರೆಯುವಷ್ಟು ತಣ್ಣಗಿತ್ತು.

"ಗಿಡ ಆಮೇಲೆ ನೋಡ್ಕೊಳ್ಳಿ. ಮೊದ್ಲು ಇದ್ರಲ್ಲಿ ಗ್ಯಾಸ್ ಒಲೆ ಪಾಠ ಓದಿ, ಅಮ್ಮ ಅಡುಗೆಗೆ ನಿಲ್ಲೋ ಮುಂಚೆ."

ಮನೆಗೆ ಬಂದು, ಪುಸ್ತಕ ಹೇಳಿದಂತೆ ಗ್ಯಾಸ್ ಪೈಪಿಗೆ ಸೋಪಿನ ನೀರು ಹಚ್ಚಿದೆ. ಗುಳ್ಳೆಗಳೆದ್ದವು, ಗ್ಯಾಸ್ ಸೋರುತ್ತಿತ್ತು. ಬೆಂಕಿಕಡ್ಡಿ ಗೀರಲು ಹೊರಟಿದ್ದ ಅಮ್ಮನ ಕೈ ಹಿಡಿದುಕೊಂಡೆ.

ಮರುದಿನ ಪುಸ್ತಕ ಹಿಡಿದು ಲೈಬ್ರರಿಗೆ ಹೋಗಿ ಮೇಡಂಗೆ ಕೈಮುಗಿದು, "ನಿಮ್ಮಿಂದ ನಮ್ಮಮ್ಮ ಉಳಿದ್ಲು" ಎಂದೆ.

ಅವರು ಗಾಬರಿಯಾದರು. "ನಿನ್ನೆ ರಜಾ ಅಲ್ವೇನ್ರೀ? ಲೈಬ್ರರಿ ಬಾಗಿಲೇ ತೆಗೆದಿಲ್ಲ. ಈ ಪುಸ್ತಕವೂ ನಮ್ದಲ್ಲ."

ಪುಸ್ತಕ ಇಂದಿಗೂ ನಮ್ಮ ಅಡುಗೆಮನೆಯಲ್ಲಿದೆ. ಒಲೆ ಹಚ್ಚುವ ಮುನ್ನ ಅಮ್ಮ ಅದನ್ನೊಮ್ಮೆ ಪ್ರೀತಿಯಿಂದ ಸವರುತ್ತಾಳೆ. ಯಾರಿಗೆ ಹಿಂದಿರುಗಿಸಬೇಕೋ ನಮಗಿನ್ನೂ ಗೊತ್ತಿಲ್ಲ.