ರಿವರ್ಸ್ ಗೇರಿನಲ್ಲಿ ನಿಂತಿದ್ದ ಕಾರು

"ಗುನ್ವೋರ್ ಅಮ್ಮ, ನಾಳೆ ನನ್ನ ಅಂಗಡಿ ಮುಚ್ಚಿಸ್ತಾರಂತೆ. ನಾನು ಕದ್ದಿಲ್ಲ ಅಂತ ನೀವಾದ್ರೂ ನಂಬ್ತೀರಾ?"

ನಮ್ಮ ಟ್ರೊಲ್‌ಹೆಟ್ಟನ್ ಊರಿನ ಮೆಕ್ಯಾನಿಕ್ ಯಾಸ್ಮಿನಾ ಬಾಗಿಲಲ್ಲೇ ಅಳುತ್ತ ನಿಂತಿದ್ದಳು. ಗುನ್ವೋರ್ ಬೀಗದ ಕಸುಬು ಬಿಟ್ಟರೂ ಕಳ್ಳರನ್ನು ಬಿಟ್ಟಿರಲಿಲ್ಲ. ನಾನು ಹೋಲ್ಗರ್, ನಿವೃತ್ತ ಅಂಚೆಯವನು, ಅವಳ ಮನೆಯ ಬಾಡಿಗೆದಾರ. ಅವಳ ಬೈಗುಳಕ್ಕೆ ಮೊದಲ ಗಿರಾಕಿಯೂ ನಾನೇ.

ಕಳುವಾದದ್ದು ಸೋಲ್ವೇಗ್ ಟೀಚರ ಕಾರು. ಮೂರನೇ ದಿನ ಕಾಲುವೆಯ ಪಕ್ಕ ಸಮತಟ್ಟಾದ ಜಾಗದಲ್ಲಿ ಗೀರೂ ಇಲ್ಲದೆ ಸಿಕ್ಕಿತ್ತು. ಹಿಂದೆಲ್ಲ ಎರಡು ವೈರು ಕೂಡಿಸಿದರೆ ಕಾರು ಹೊರಡುತ್ತಿತ್ತು. ಆಮೇಲೆ ಸ್ಟೀರಿಂಗಿಗೆ ಬೀಗ ಬಂತು. ಈಗ ಕೀಲಿಯೊಳಗೇ ಎಲೆಕ್ಟ್ರಾನಿಕ್ ಚಿಪ್ಪು. ಅದರ ಗುರುತು ಕಾರಿಗೆ ಹೊಂದದಿದ್ದರೆ ಎಂಜಿನ್ ಮಿಸುಕುವುದೂ ಇಲ್ಲ. ಒಂದು ಕೀಲಿ ಟೀಚರ ಕೈಲಿತ್ತು. ಯಾಸ್ಮಿನಾ ಹೊಸದಾಗಿ ಮಾಡಿಟ್ಟ ಎರಡನೆಯದು ಅವಳ ಅಂಗಡಿಯ ಗೋಡೆಯಲ್ಲಿ ನೇತಾಡುತ್ತಿತ್ತು. ಆ ಅಂಗಡಿ ತೆರೆಯಬಲ್ಲವರು ಮೂವರು: ಅವಳು, ಕೆಲಸಗಾರ ಪೊಂಟುಸ್, ಅವಳಿಗೆ ಕಸುಬು ಕಲಿಸಿದ ಎವರ್ಟ್.

ಅಂಗಡಿಗೆ ಹೋದಾಗ ಎವರ್ಟ್ ತನ್ನ ಮೂವತ್ತು ವರ್ಷದ ಕಾರು ಒರೆಸುತ್ತಿದ್ದ. "ನಮ್ಮೂರ ಕಾರ್ಖಾನೇದು! ಕೀಲಿ ಹಾಕೋ ಜಾಗ ಸೀಟುಗಳ ನಡುವೆ. ರಿವರ್ಸ್ ಹಾಕ್ದೆ ಇದ್ರೆ ಕೀಲಿ ಈಚೆಗೇ ಬರಲ್ಲ. ಈ ಚಿಪ್ಪು ಗಿಪ್ಪು ಯಾವನಿಗೆ ಬೇಕು?" ಎಂದು ನಕ್ಕ.

ಕಾಲುವೆಯ ಬಳಿ ಪೊಲೀಸನು ಟೀಚರ ಕಾರನ್ನು ಯಾರೂ ಮುಟ್ಟದಂತೆ ಕಾಯುತ್ತಿದ್ದ. ಗುನ್ವೋರ್ ಅವನನ್ನು ಒಪ್ಪಿಸಿ ಟೀಚರ ಕೀಲಿಯನ್ನು ನನ್ನ ಕೈಗಿಟ್ಟಳು, ನಾನು ಕೂತು ತಿರುಗಿಸಿದೆ. ಕಾರು ಗಕ್ಕನೆ ಹಿಂದಕ್ಕೆ ಜಿಗಿಯಿತು. ಕೈಲಿದ್ದ ಕಾಫಿಯೆಲ್ಲ ನನ್ನ ಪ್ಯಾಂಟಿನ ಮೇಲೆ.

"ಕ್ಲಚ್ ಒತ್ತೋಕೂ ನಾನೇ ಹೇಳ್ಬೇಕೇನೋ, ದಡ್ಡ!" ಎಂದು ಬೈದವಳು ತಟ್ಟನೆ ಬಗ್ಗಿ ಗೇರಿನ ಕಡೆ ನೋಡಿದಳು.

ಸಂಜೆ ಗುನ್ವೋರ್ ಅಂಗಡಿಯ ಅಂಗಳಕ್ಕೆ ಟೀಚರ ಕಾರು ತರಿಸಿ, ಪೊಲೀಸನ ಎದುರು ಮೂವರನ್ನೂ ಸೇರಿಸಿ, "ಒಬ್ಬೊಬ್ಬರೇ ಇದನ್ನ ಒಂದು ಸುತ್ತು ಓಡಿಸಿ ನಿಲ್ಸಿ" ಎಂದಳು. ಯಾಸ್ಮಿನಾ, ಪೊಂಟುಸ್ ಇಬ್ಬರೂ ಗೇರು ನ್ಯೂಟ್ರಲ್ಲಿಗೆ ತಂದು ಹ್ಯಾಂಡ್‌ಬ್ರೇಕ್ ಎಳೆದರು. ಎವರ್ಟ್ ರಿವರ್ಸ್ ಹಾಕಿ ಕೀಲಿ ಕಿತ್ತ.

ಗುನ್ವೋರ್ ಗೇರಿನ ಕಡೆ ಬೆರಳು ತೋರಿಸಿದಳು. "ಈ ಕಾರಿಗೆ ಅದು ಬೇಕಿಲ್ಲ ಎವರ್ಟ್. ನಿನ್ನ ಕೈಗೆ ಬೇಕು, ಮೂವತ್ತು ವರ್ಷದ ರೂಢಿ. ಕಾಲುವೆ ಹತ್ರಾನೂ ಕಾರು ಹೀಗೇ ರಿವರ್ಸಲ್ಲೇ ನಿಂತಿತ್ತು, ಅದಕ್ಕೇ ಹಿಂದಕ್ಕೆ ಜಿಗೀತು. ಚಿಪ್ಪಿನ ಕೀಲಿಯಿಂದ್ಲೇ ಕಾರು ಹೋದ್ರೆ, ಕೀಲಿ ಮಾಡಿದವಳ ಮೇಲೇ ಅನುಮಾನ ಬರುತ್ತೆ ಅಂತ ನಿಂಗೆ ಗೊತ್ತಿತ್ತು. ಗೋಡೆಯಿಂದ ತಗೊಂಡೆ, ಕಾರು ಸಾಗಿಸ್ದೆ, ಕೀಲಿನ ಅಲ್ಲೇ ತೂಗುಹಾಕ್ದೆ."

ಎವರ್ಟ್ ತಲೆ ತಗ್ಗಿಸಿದ. "ಕಾರಿನ ಬೀಗ ಕೆಟ್ರೆ ಊರೆಲ್ಲ ನನ್ನ ಹುಡುಕ್ಕೊಂಡು ಬರ್ತಿತ್ತು. ಈಗ ನನ್ನ ಮುಖ ನೋಡಿ 'ಯಾಸ್ಮಿನಾ ಇಲ್ವಾ' ಅಂತಾರೆ."

ಉಂಡ ಮನೆಗೆ ಎರಡು ಬಗೆದವನೇ ಎಂದು ನನಗೆ ಮೈ ಉರಿಯಿತು. ಯಾಸ್ಮಿನಾ ಮಾತ್ರ ಕೂಗಾಡಲಿಲ್ಲ.

"ಒಂದ್ ಮಾತು ಹೇಳಿದ್ರೆ ಅಂಗಡಿಗೆ ನಿಮ್ಮ ಹೆಸರೇ ಇಡ್ತಿದ್ನಲ್ಲ ಮಾಮ," ಎಂದು ಅಂಗಡಿಯ ಕೀಲಿಗಾಗಿ ಕೈ ಚಾಚಿದಳು. ಅವನು ಕೊಟ್ಟ.

"ಮಗಳೇ..."

"ಇನ್ಮೇಲೆ ಹಾಗೆ ಕರೀಬೇಡಿ."