ಹೀರೋಯಿನ್ ಬಾಯಲ್ಲಿ ಎರಡು ಗುಂಡುಸೂಜಿ

ಟಿವಿಯಲ್ಲಿ ಹೀರೋ ಲಿಫ್ಟಿನ ರೋಪಿಗೆ ಗುಂಡು ಹೊಡೆದ. ರೋಪು ಹರಿದು ಲಿಫ್ಟು ಇಪ್ಪತ್ತು ಅಂತಸ್ತು ಕೆಳಗೆ ಧುಮುಕತೊಡಗಿತು. ಅರ್ಧ ದಾರಿಯಲ್ಲಿ ಪಿಕ್ಚರ್ ನಿಂತುಹೋಯಿತು.

ನಿಲ್ಲಿಸಿದವನು ಮೇಲಿನ ಮನೆಯ ಲಿಫ್ಟ್ ಮೆಕ್ಯಾನಿಕ್. ರಿಮೋಟ್ ಅವನ ಕೈಯಲ್ಲಿತ್ತು.

"ಅಮ್ಮಾ, ನೀವೇ ಹೇಳಿ. ಒಂದು ಲಿಫ್ಟಿಗೆ ಒಂದೇ ರೋಪ್ ಇರುತ್ತಾ? ಇದಕ್ಕೆ ಆರಾದ್ರೂ ಇರಬೇಕು. ಆರೂ ಹರಿದ್ರೂ ಕೆಳಗೆ ಬ್ರೇಕ್ ಹಿಡ್ಕೊಳ್ಳುತ್ತೆ. ಇವರ ತಾತ ಬಂದ್ರೂ ಬೀಳಲ್ಲ!"

"ಬೀಳಲಿ ಬಿಡಪ್ಪಾ. ಒಳಗಿರೋನು ವಿಲನ್ ತಾನೇ?" ಎಂದಳು ಅಮ್ಮ, ದಿಂಬಿನೊಳಗಿಂದ.

ಕಿಟಕಿಯ ಪಕ್ಕ ಹೊಲಿಗೆ ಮಷಿನ್ ಮುಂದೆ ಕೂತಿದ್ದ ಮಗಳಿಗೆ ಮೈ ಪರಚಿಕೊಳ್ಳುವಂತಾಯಿತು. ಬಿಲ್ಡಿಂಗಿನವರೆಲ್ಲ ಅವಳನ್ನು ಟೈಲರಮ್ಮ ಎನ್ನುತ್ತಿದ್ದರು. ಬ್ಯಾಂಡಿನವರ ಹದಿನೆಂಟು ಕೋಟುಗಳಲ್ಲಿ ಆರು ಮುಗಿದಿದ್ದವು. ಬಾಯಲ್ಲಿ ಗುಂಡುಸೂಜಿ ಇದ್ದುದರಿಂದ ಬೈಯಲೂ ಆಗಲಿಲ್ಲ. ಸಿಟ್ಟನ್ನೆಲ್ಲ ಪೆಡಲ್ಲಿಗೆ ಇಳಿಸಿ ಮಷಿನನ್ನು ಗರಗರ ಓಡಿಸಿದಳು.

ಇಷ್ಟಕ್ಕೂ ಅವನನ್ನು ಮನೆಯೊಳಗೆ ಬಿಟ್ಟುಕೊಂಡದ್ದು ಅಮ್ಮನ ಕಣ್ಣು. ಕಣ್ಣಿನ ಹಿಂದಿನ ಪರದೆ ಬಿಟ್ಟುಕೊಂಡಿತೆಂದು ಆಪರೇಷನ್ ಆಗಿತ್ತು. ಒಳಗೆ ಒಂದು ಗಾಳಿಗುಳ್ಳೆ ಬಿಟ್ಟಿದ್ದರು. ಅದು ಪರದೆಯನ್ನು ಒತ್ತಿ ಹಿಡಿಯಬೇಕಾದರೆ ಅಮ್ಮ ಎರಡು ವಾರ ಮುಖ ನೆಲಕ್ಕೆ ಮಾಡಿಕೊಂಡೇ ಇರಬೇಕು. ಊಟ, ಮಾತು, ನಿದ್ದೆ ಎಲ್ಲವೂ ತಲೆ ತಗ್ಗಿಸಿಯೇ. ಜೀವನದಲ್ಲಿ ಯಾರಿಗೂ ತಲೆ ತಗ್ಗಿಸದ ಹೆಂಗಸು ಅದು.

ಆಸ್ಪತ್ರೆಯಿಂದ ಬಂದ ದಿನ ಲಿಫ್ಟಿನಲ್ಲಿ ಅವನು ಸಿಕ್ಕಿದ್ದ. "ಇನ್ನು ಪಿಕ್ಚರ್ ನೋಡೋ ಹಾಗಿಲ್ಲ ಕಣಪ್ಪಾ" ಎಂದು ಅಮ್ಮ ಅವನ ಚಪ್ಪಲಿಗೆ ಗೋಳು ಹೇಳಿಕೊಂಡಳು. "ನಾನು ನೋಡಿ ಹೇಳ್ತೀನಿ ಬಿಡಿ ಅಮ್ಮಾ" ಎಂದ ಮಹಾರಾಯ, ಮರುದಿನದಿಂದಲೇ ಸಂಜೆ ಐದಕ್ಕೆ ಹಾಜರು. ಒಂದು ದಿನ ಬಾಲಿವುಡ್, ಒಂದು ದಿನ ಕಾಡು, ನಿಧಿ, ಹೆಲಿಕಾಪ್ಟರ್.

ಸುಮ್ಮನೆ ಕಥೆ ಹೇಳಿ ಮುಗಿಸುವ ಜಾಯಮಾನ ಅವನದಲ್ಲ, ಮೊಸರಲ್ಲಿ ಕಲ್ಲು ಹುಡುಕುವವನು. ಹಿಂದಿ ಪಿಕ್ಚರಿನ ಪ್ರೇಮಿಗಳ ಮೇಲಂತೂ ಅವನಿಗೆ ಹಳೇ ದ್ವೇಷ.

"ಎರಡೂವರೆ ಗಂಟೆ ಸುಮ್ನಿದ್ದು ಕೊನೇ ನಿಮಿಷಕ್ಕೆ ಏರ್‌ಪೋರ್ಟ್‌ಗೆ ಓಡ್ತಾನಲ್ಲಮ್ಮಾ! ಒಂದು ಫೋನ್ ಮಾಡೋಕೇನು ಧಾಡಿ?"

"ಫೋನ್ ಮಾಡಿದ್ರೆ ಪಿಕ್ಚರ್ ಎಲ್ಲಿ ಉಳಿಯುತ್ತೋ?"

ಟೈಲರಮ್ಮನಿಗೆ ಕೇಳಿಸುತ್ತಿದ್ದುದು ಮಷಿನ್ ನಿಂತಾಗಿನ ಇಂಥ ಚೂರುಪಾರು ಮಾತುಗಳು ಮಾತ್ರ. ಬೇಡವೆಂದರೂ ಒಮ್ಮೊಮ್ಮೆ ಅವಳ ಕಣ್ಣು ಟಿವಿಯತ್ತ ಹೋಗುತ್ತಿತ್ತು. ಐದನೆಯ ದಿನ ಹೀರೋಯಿನ್ ಜಲಪಾತದಿಂದ ಹಾರಿ, ಮೊಸಳೆಯ ಜೊತೆ ಗುದ್ದಾಡಿ, ಗರಿಗರಿಯಾದ ಗೌನಿನಲ್ಲಿ ದಡಕ್ಕೆ ಬಂದಳು.

"ಒಂದು ಹೊಲಿಗೆನಾದ್ರೂ ಬಿಚ್ಚಬೇಕಲ್ವಾ!" ಎಂಬ ಮಾತು ಟೈಲರಮ್ಮನ ಬಾಯಿಂದ ಜಾರಿತು. "ಆ ತೋಳು ನೋಡಿ, ಕೈ ಎತ್ತಿದ್ರೇ ಹರಿಯೋ ಅಂಥದ್ದು."

"ಅದನ್ನೇ ನಾನೂ ಹೇಳೋದು!" ಎಂದು ಅವನು ಕುರ್ಚಿಯಿಂದ ಅರ್ಧ ಎದ್ದ.

ಇಬ್ಬರ ಕಣ್ಣೂ ಸೇರಿದವು. ಅವನ ರೆಪ್ಪೆಯ ಮೇಲೆ ಗ್ರೀಸಿನ ಒಂದು ಸಣ್ಣ ಗೆರೆ ಇತ್ತು. ಅವನು ನೋಟ ತೆಗೆಯಲು ಬೇಕಾದದ್ದಕ್ಕಿಂತ ತುಸು ಹೆಚ್ಚೇ ಹೊತ್ತು ತೆಗೆದುಕೊಂಡ. ಆ ಸಂಜೆ ಅವಳು ಒಂದು ಕೋಟಿಗೆ ಎರಡೂ ಎಡತೋಳನ್ನೇ ಜೋಡಿಸಿ, ಬಿಚ್ಚುವಾಗ ಅವನಿಗೇ ಶಾಪ ಹಾಕಿದಳು.

ಹನ್ನೊಂದನೆಯ ದಿನ ಮಷಿನ್ನಿನ ಸೂಜಿ ಮುರಿಯಿತು. ಹೊಸ ಸೂಜಿಗಾಗಿ ಡಬ್ಬಿ ಕೆದಕುವಾಗ ಗರಗರ ಸದ್ದು ನಿಂತಿತ್ತು. ಮೊದಲ ಸಲ ಅವನ ಕಥೆ ಅವಳಿಗೆ ಪೂರ್ತಿ ಕೇಳಿಸಿತು.

"ಈಗ ಹೀರೋಯಿನ್ ತಲೆ ಬಗ್ಗಿಸಿ ಏನೋ ಹುಡುಕ್ತಿದ್ದಾಳೆ ಅಮ್ಮಾ. ಬಾಯಲ್ಲಿ ಎರಡು ಗುಂಡುಸೂಜಿ. ಕೊರಳಲ್ಲಿ ಟೇಪು. ಕಿವಿ ಮೇಲೆ ಸೀಮೆಸುಣ್ಣ ಮೆತ್ಕೊಂಡಿದೆ, ಅವಳಿಗೆ ಗೊತ್ತಿಲ್ಲ. ಕೋಪದಲ್ಲಿದ್ದಾಳೆ. ಮೂಗಿನ ತುದಿ ಕೆಂಪಗಾಗಿದೆ."

ಅಮ್ಮ ದಿಂಬಿನಲ್ಲೇ ಕಿಸಕ್ಕೆಂದಳು. "ಇವತ್ತೂ ಕೋಪವೇ?"

ಟೈಲರಮ್ಮ ಟಿವಿ ನೋಡಿದಳು. ಅಲ್ಲಿ ಹೀರೋಯಿನ್ ವಿಮಾನದ ರೆಕ್ಕೆಗೆ ಜೋತುಬಿದ್ದಿದ್ದಳು. ಟೈಲರಮ್ಮನ ಕೈ ತಾನಾಗಿ ಕಿವಿಗೆ ಹೋಯಿತು. ಬೆರಳಿಗೆ ಬಿಳಿ ಪುಡಿ ಹತ್ತಿತು.

ಗುಂಡುಸೂಜಿಗಳನ್ನು ಬಾಯಿಂದ ತೆಗೆದು, ಒಂದೊಂದಾಗಿ ಡಬ್ಬಿಗೆ ಹಾಕಿದಳು.

"ಓಹೋ. ಹನ್ನೊಂದು ದಿನದಿಂದ ನಾನು ನಿಮ್ಮಿಬ್ಬರ ಕಾಮಿಡಿ ಪೀಸಾ? ನಾನಿಲ್ಲಿ ಸೊಂಟ ಬೀಳೋ ಹಾಗೆ ಹೊಲೀತಿದ್ರೆ, ನನ್ನ ಮೂಗು, ನನ್ನ ಕಿವಿ ಇಟ್ಕೊಂಡು ನಗ್ತಾ ಕೂತಿದ್ದೀರಾ?"

"ಹಾಗಲ್ಲ... ನಾನು..." ಅವನು ಎದ್ದ ರಭಸಕ್ಕೆ ರಿಮೋಟ್ ಬಿತ್ತು.

"ನಾಳೆಯಿಂದ ಬರಬೇಡಿ. ನಮ್ಮಮ್ಮನಿಗೆ ನಾನೇ ಹೇಳ್ತೀನಿ ಕಥೆ."

ಅವನು ಬಿದ್ದ ರಿಮೋಟನ್ನು ಎತ್ತಿ ಅಮ್ಮನ ದಿಂಬಿನ ಪಕ್ಕ ಇಟ್ಟ. ಚಪ್ಪಲಿ ಮೆಟ್ಟಿ ಹೊರಟುಹೋದ.

ಮರುಸಂಜೆ ಅವಳೇ ಕಥೆ ಹೇಳಿದಳು. "ಓಡ್ತಿದ್ದಾನೆ. ಇನ್ನೂ ಓಡ್ತಿದ್ದಾನೆ. ಹೊಡೀತಿದ್ದಾನೆ" ಎಂದು ವರದಿ ಒಪ್ಪಿಸಿದಳು. ಹತ್ತೇ ನಿಮಿಷಕ್ಕೆ ಅಮ್ಮ ಟಿವಿ ಆರಿಸು ಎಂದಳು. ಅದರ ಮರುಸಂಜೆ ಟಿವಿ ಹಾಕಲೇ ಇಲ್ಲ. ಐದು ಹೊಡೆದಾಗ ಬಾಗಿಲತ್ತ ನೋಡಿದ್ದಕ್ಕೆ ಟೈಲರಮ್ಮನಿಗೆ ತನ್ನ ಮೇಲೇ ರೇಗಿತು. ನಿಶ್ಶಬ್ದ ಬೇಕೆಂದು ಕೇಳಿದವಳು ಅವಳೇ. ಸಿಕ್ಕಿದ ಮೇಲೆ ಹೊಲಿಗೆ ಮಾತ್ರ ಸಾಗಲಿಲ್ಲ.

ಹದಿನಾಲ್ಕನೆಯ ದಿನ ಮಧ್ಯಾಹ್ನ ಅಮ್ಮ ನೆಲ ನೋಡುತ್ತಲೇ ಬಾಯಿ ಬಿಟ್ಟಳು.

"ಬೆಳಿಗ್ಗೆ ನೀನು ಅಂಗಡಿಗೆ ಹೋದಾಗ ಹೇಳಿ ಹೋಗೋಕೆ ಬಂದಿದ್ದ. ಕಂಪನಿಯವರು ದೂರದ ಊರಿಗೆ ಹೋಗು ಅಂತ ತಿಂಗಳಿಂದ ಕೇಳ್ತಿದ್ರಂತೆ. ಆಗಲ್ಲ ಅಂತಿದ್ದೋನು ನಿನ್ನೆ ಹೂಂ ಅಂದಿದ್ದಾನೆ. ಇವತ್ತು ನಮ್ಮ ಲಿಫ್ಟ್ ಸರ್ವಿಸ್ ಮುಗಿಸಿ ಸಂಜೆ ಹೊರಡ್ತಾನೆ."

ಅವಳ ಕೈಯ ಕತ್ತರಿ ಬಟ್ಟೆಯ ನಡುವೆಯೇ ನಿಂತಿತು. "ಹೋಗಲಿ. ನಂಗೇನು?"

"ನಿಂಗೇನೂ ಇಲ್ಲದಿದ್ರೆ ಮೂರು ದಿನದಿಂದ ಒಂದೇ ಕಾಲರ್ ಯಾಕೆ ಬಿಚ್ಚಿ ಬಿಚ್ಚಿ ಹೊಲೀತಿದ್ದೀಯ?"

"ನೀನು ನೋಡಿದ್ಯಾ?"

"ನಂಗೆ ಕೇಳಿಸುತ್ತೆ ಕಣೇ. ಹುಚ್ಚುಮುಂಡೇದೇ, ಅವನು ಗೇಲಿ ಮಾಡಿದ್ದಲ್ಲ. ಮೊದಲನೇ ದಿನ ಹೀರೋಯಿನ್ ಹೇಗಿದ್ದಾಳಪ್ಪಾ ಅಂದೆ. 'ಕೂದಲನ್ನ ಪೆನ್ಸಿಲ್ ಸಿಕ್ಕಿಸಿ ಕಟ್ಟಿದ್ದಾಳೆ ಅಮ್ಮಾ' ಅಂದ. ಎರಡನೇ ಪಿಕ್ಚರಲ್ಲೂ ಪೆನ್ಸಿಲ್ಲು. ಮೂರನೇದ್ರಲ್ಲಿ ರಾಣಿ, ಅವಳಿಗೂ ಪೆನ್ಸಿಲ್ಲು. ಅದು ನಿನ್ನ ಪೆನ್ಸಿಲ್ಲೇ ಅಂತ ಹೆತ್ತೋಳಿಗೆ ಗೊತ್ತಾಗಲ್ವಾ? ಪಾಪ, ಟಿವಿ ನೋಡಿದ್ರೆ ತಾನೇ ಅವನು ಕಥೆ ಹೇಳೋದು! ನಗು ಬಂತು, ನಕ್ಕೆ. ನಿಂಗೆ ಹೇಳಬೇಕಾದೋನು ಅವನು ಅಂತ ಸುಮ್ನಿದ್ದೆ."

ಟೈಲರಮ್ಮ ಕೂತಲ್ಲಿಂದ ಎದ್ದಳು. ಕೊರಳಿನ ಟೇಪನ್ನು ತೆಗೆಯುವುದೂ ನೆನಪಾಗಲಿಲ್ಲ.

ಲಿಫ್ಟು ನಿಂತಿತ್ತು. ಮೆಟ್ಟಿಲು ಹತ್ತುವಾಗ ಅವಳಿಗೆ ಬರುತ್ತಿದ್ದುದು ಅಳುವೋ ಸಿಟ್ಟೋ ತಿಳಿಯಲಿಲ್ಲ. ಐದನೆಯ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದಿತ್ತು, ಅಡ್ಡಕ್ಕೆ ಹಳದಿ ಬೇಲಿ. ಲಿಫ್ಟಿನ ಪೆಟ್ಟಿಗೆಯನ್ನು ತುಸು ಕೆಳಗೆ ನಿಲ್ಲಿಸಿ ಅವನು ಅದರ ನೆತ್ತಿಯ ಮೇಲೆ ನಿಂತು ರೋಪುಗಳನ್ನು ಒರೆಸುತ್ತಿದ್ದ. ಹೆಲ್ಮೆಟ್ ಹಾಕಿದ ಅವನ ತಲೆ ಸರಿಯಾಗಿ ಅವಳ ಮೊಣಕಾಲಿನ ಮಟ್ಟಕ್ಕಿತ್ತು.

"ಟೈಲರಮ್ಮನವ್ರೇ! ಹಿಂದೆ ಸರೀರಿ, ಬಿದ್ದೀರಿ!"

"ಬ್ರೇಕ್ ಇದೆಯಲ್ಲ, ಹಿಡ್ಕೊಳ್ಳುತ್ತೆ."

"ಅದು ಲಿಫ್ಟನ್ನ ಹಿಡಿಯುತ್ತೆ, ನಿಮ್ಮನ್ನಲ್ಲ. ಸರೀರಿ!"

ಅವಳು ಸರಿಯಲಿಲ್ಲ. ಬೇಲಿಯ ಈಚೆ ನೆಲದ ಮೇಲೇ ಕೂತಳು. ಈಗ ಇಬ್ಬರ ಮುಖಗಳೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿದ್ದವು.

"ನಿಮ್ಮ ಮನಸ್ಸಲ್ಲಿರೋದು ನಮ್ಮಮ್ಮನಿಗೆ ಗೊತ್ತು, ನಿಮಗೆ ಗೊತ್ತು. ನನಗೊಬ್ಬಳಿಗೇ ಯಾಕ್ರೀ ಗೊತ್ತಿಲ್ಲ?"

ಅವನು ಕೈಯ ಬಟ್ಟೆಯನ್ನು ಮಡಚಿದ. ಮತ್ತೆ ಬಿಡಿಸಿದ. "ಹೇಳೋಣ ಅಂದ್ರೆ ಮಷಿನ್ ನಿಲ್ತಿರಲಿಲ್ಲ."

"ಬಾಯಿ ಮುಚ್ಚಿ. ಮಷಿನ್ ಮೇಲೆ ಹಾಕಬೇಡಿ."

"ಹೆದರಿಕೆ ಆಗ್ತಿತ್ತು" ಎಂದ ಅವನು, ನೇರವಾಗಿ ಅವಳನ್ನೇ ನೋಡುತ್ತ. "ನಿಮ್ಮನ್ನ ಕಂಡ್ರೆ ನಂಗೆ ತುಂಬಾ ಇಷ್ಟ. ಮನೆಗೆ ಹೋದ ಮೇಲೆ ನಿಮ್ಮ ಮಷಿನ್ ಸದ್ದು ಕೆಳಗಿಂದ ಕೇಳೋವರೆಗೂ ನಂಗೆ ಊಟ ಸೇರಲ್ಲ. ನೀವು ಬರಬೇಡಿ ಅಂದ ಮೇಲೆ ಆ ಸದ್ದು ಕೇಳ್ಕೊಂಡು ಇಲ್ಲಿರೋಕೆ ನನ್ನ ಕೈಲಿ ಆಗಲ್ಲ ಅನ್ನಿಸ್ತು. ಅದಕ್ಕೇ ಹೂಂ ಅಂದ್ಬಿಟ್ಟೆ."

 ಇಂಥ ಮಾತನ್ನು ಇಷ್ಟು ಗ್ರೀಸಿನ ವಾಸನೆಯ ನಡುವೆ ಕೇಳಬೇಕಾಗಿ ಬಂದದ್ದಕ್ಕೆ ಅವಳಿಗೆ ಸ್ವಲ್ಪ ಸಿಟ್ಟು ಬಂತು.

"ಫೋನ್ ಮಾಡಿ ಆಗಲ್ಲ ಅನ್ನಿ."

"ಈಗಾ? ಕೊನೇ ನಿಮಿಷಕ್ಕಾ? ನನ್ನ ಟಿಕೆಟ್ ಆಗಿದೆ, ಬಟ್ಟೆ ಕಟ್ಟಿದ್ದೀನಿ, ಕಂಪನಿಯವರು ಏನಂದ್ಕೊಳ್ತಾರೆ..."

"ಬೈತಾರೆ. ಬೈಸ್ಕೊಳ್ಳಿ." ಅವಳು ಬೇಲಿಯ ಸಂದಿನಿಂದ ಕೈ ಚಾಚಿ ಅವನ ಹೆಲ್ಮೆಟ್ಟಿನ ಪಟ್ಟಿ ಹಿಡಿದಳು. "ನಂಗೂ ನೀವು ಬೇಕು. ಐದು ಗಂಟೆಗೆ ಬಾಗಿಲು ನೋಡಿ ನೋಡಿ ಸಾಕಾಗಿದೆ ನಂಗೆ. ಇದಕ್ಕಿಂತ ಚೆನ್ನಾಗಿ ಹೇಳೋಕೆ ನಂಗೆ ಬರಲ್ಲ."

ಅವನು ಫೋನ್ ತೆಗೆದ. ಗ್ರೀಸಿನ ಬೆರಳು ಜಾರಿ ಎರಡು ಸಲ ತಪ್ಪು ನಂಬರ್ ಒತ್ತಿದ. ಮೂರನೆಯ ಸಲ ರಿಂಗ್ ಆಯಿತು. "ಸಾರ್, ನಾನು... ಆ ಊರಿಗೆ ಆಗಲ್ಲ ಸಾರ್" ಎಂದ. ಆಚೆಯವರ ಬೈಗುಳ ಅವಳಿಗೂ ಕೇಳಿಸುವಷ್ಟು ಜೋರಾಗಿತ್ತು. ಅವನು ಕಣ್ಣು ಮುಚ್ಚಿ ಎಲ್ಲವನ್ನೂ ಕೇಳಿಸಿಕೊಂಡ. ಅವಳು ಪಟ್ಟಿ ಬಿಟ್ಟು ಅವನ ಕೆನ್ನೆಗೆ ಅಂಗೈ ಇಟ್ಟಳು. ಅಂಗೈ ಕಪ್ಪಾಯಿತು, ತೆಗೆಯಲಿಲ್ಲ.

ಕೆಳಗಿನ ಮಹಡಿಯಿಂದ ಯಾರೋ ಬಾಗಿಲು ಬಡಿಯುತ್ತ ಕೂಗಿದರು. "ರೀ, ಅರ್ಧ ಗಂಟೆಯಿಂದ ನಿಂತಿದ್ದೀನಿ! ಈ ಲಿಫ್ಟ್ ಬರುತ್ತೋ ಇಲ್ವೋ?"

"ಬರಲ್ಲ!" ಎಂದು ಇಬ್ಬರೂ ಒಟ್ಟಿಗೇ ಕಿರುಚಿದರು.