ಅರ್ಧಕ್ಕೆ ನಿಂತ ಗಾಜು

ಆ ಭಾನುವಾರ ಮಧ್ಯಾಹ್ನದ ಪೂಜೆ ಮುಗಿಸಿ ಎದ್ದಿದ್ದೆ. ಬೇಲೂರು ಬಸ್ಸಿನ ಕಂಡಕ್ಟರ್ ನಮ್ಮ ಮನೆ ಬಾಗಿಲಿಗೆ ಬಂದ. ಬಸ್ಸನ್ನು ಹಳೇಬೀಡಿನ ನಡು ರಸ್ತೆಯಲ್ಲೇ ನಿಲ್ಲಿಸಿ ಬಂದಿದ್ದ.

"ಮೇಷ್ಟ್ರೇ, ಮೋರಿ ಹತ್ರ ಒಂದು ಕಾರು ಮರಕ್ಕೆ ಹೊಡೆದೈತೆ. ನಿಮ್ಮ ಅಳಿಯಂದಿರ ಹಂಗೆ ಕಾಣ್ತಾರೆ. ಒಂದು ಸಲ ಬನ್ನಿ."

"ಜೀವ ಇದೆಯೇನಪ್ಪ?"

ಅವನು ಬಗ್ಗಿ ನನ್ನ ಚಪ್ಪಲಿಯನ್ನು ಕಾಲಿನ ಹತ್ತಿರಕ್ಕೆ ಸರಿಸಿದ. ಆಗಲೇ ಗೊತ್ತಾಯಿತು.

ರಂಗನಾಥ್ ನನ್ನ ತಂಗಿಯ ಮಗ. ನನ್ನ ಮಗಳು ಮಂಜುಶ್ರೀಯ ಗಂಡ. ಅರಸೀಕೆರೆಯಲ್ಲಿ ಬ್ಯಾಂಕಿನ ಕೆಲಸ. ಭಾನುವಾರ ಬಂತೆಂದರೆ ಬೇರೆಯವರಿಗೆ ಹಳೆಯ ಕಾರು ನೋಡಿಕೊಡುವುದು ಅವನ ಹುಚ್ಚು. ಯಾರಿಂದಲೂ ಕಾಸು ಮುಟ್ಟುತ್ತಿರಲಿಲ್ಲ. ಅವನು ಹೂಂ ಎಂದರೆ ಜನ ಕೊಳ್ಳುತ್ತಿದ್ದರು, ಉಹೂಂ ಎಂದರೆ ಬಿಡುತ್ತಿದ್ದರು.

ಅಂಥವನು ಹೋಗಿಬಿಟ್ಟಿದ್ದ. ಅವನ ಪಕ್ಕದಲ್ಲಿ ಕೂತಿದ್ದ ಮಾದಿಹಳ್ಳಿಯ ಕರಿಯಪ್ಪನ ಕಾಲು ಮುರಿದಿತ್ತು. ಕಾರು ಕೊಳ್ಳಬೇಕೆಂದಿದ್ದವನು ಅವನೇ.

* * *

ಹನ್ನೊಂದನೆಯ ದಿನದ ಕಾರ್ಯ ಮುಗಿಯುವ ಮೊದಲೇ ಮಾತು ಹಬ್ಬಿತು.

"ವೇಗವಾಗಿ ಓಡಿಸಿದನಂತೆ. ಮೊದಲೇ ಕಮಿಷನ್ ಹೊಡೆದು ಕಾರು ಪಾಸ್ ಮಾಡಿದ್ದನಂತೆ. ಆ ಖುಷಿಗೆ ಮಾವನ ಮನೆಗೆ ಜಾಲಿ ಹೊರಟಿದ್ದನಂತೆ."

ಇದನ್ನು ಮಂಜುಶ್ರೀ ನಲ್ಲಿಯ ಹತ್ತಿರ ಕೇಳಿಸಿಕೊಂಡು ಬಂದಳು. ಬಿಂದಿಗೆಯನ್ನು ಖಾಲಿಯಾಗಿಯೇ ತಂದಿದ್ದಳು.

"ಅಪ್ಪಾ, ಅವರು ಹೋದರು. ಇನ್ನು ಅವರ ಹೆಸರೂ ಹೋಗಬೇಕಾ?"

ನಾನು ಠಾಣೆಗೆ ಹೋದೆ. ಸಬ್ ಇನ್‌ಸ್ಪೆಕ್ಟರ್ ಬೀರೇಶ್ ಒಳ್ಳೆಯವನೇ. ಆದರೆ ಅವನ ಮೇಜಿನ ಮೇಲೆ ಇಂಥ ಕಡತಗಳ ರಾಶಿ.

"ಬ್ರೇಕ್ ಸರಿ ಇದೆ ಸಾರ್. ಟೈರ್ ಒಡೆದಿಲ್ಲ. ಎದುರಿಗೆ ಯಾವ ಗಾಡಿಯೂ ಬಂದಿಲ್ಲ. ಇನ್ನೇನು ಬರೀಲಿ? ಅತಿವೇಗ."

"ಅವನು ಅತಿವೇಗದಲ್ಲಿ ಹೋಗುವವನಲ್ಲ."

"ಎಲ್ಲರ ಮನೆಯವರೂ ಹಾಗೇ ಹೇಳ್ತಾರೆ ಸಾರ್."

ಮರುದಿನವೂ ಹೋದೆ. ಸಾಹೇಬರು ಬಂದೋಬಸ್ತಿಗೆ ಹೋಗಿದ್ದಾರೆ ಎಂದರು. ಅದರ ಮರುದಿನ ಮೀಟಿಂಗ್ ಎಂದರು. ಬೆಂಚಿನ ಮೇಲೆ ಕೂತು ಕೂತು ಸೊಂಟ ಹಿಡಿಯಿತು. ಮನಸ್ಸಿನಲ್ಲೇ ಕೇಶವನಾಮ ಹೇಳಿಕೊಳ್ಳುತ್ತಿದ್ದೆ. ನಡುವೆ ಸಿಟ್ಟು ನುಗ್ಗಿ ನಾಮ ತಪ್ಪುತ್ತಿತ್ತು. ಮತ್ತೆ ಮೊದಲಿಂದ ಶುರು ಮಾಡುತ್ತಿದ್ದೆ.

ಕೊನೆಗೆ ಬೇಸತ್ತು ಎದ್ದು ಠಾಣೆಯ ಹಿತ್ತಲಿಗೆ ಹೋದೆ. ಕಾರು ಅಲ್ಲೇ ಬಿದ್ದಿತ್ತು. ಮುಂಭಾಗ ಜಜ್ಜಿಹೋಗಿತ್ತು. ನಡುವೆ ಬಾಗಿ ಹೊಟ್ಟೆ ಬಿರಿದಿತ್ತು. ಹಿಂಭಾಗ ಮಾತ್ರ ಹೆಚ್ಚು ಕೆಡದೆ ನಿಂತಿತ್ತು.

ಒಳಗೆ ಇಣುಕಿದೆ. ಹಿಂದಿನ ಸೀಟು ಅದರ ಜಾಗದಲ್ಲೇ ಇತ್ತು.

* * *

ಇಲ್ಲಿ ಸ್ವಲ್ಪ ಹಿಂದಿನದನ್ನು ಹೇಳಬೇಕು.

ಆ ಕಾರಿನ ಹೆಸರು ವಿಹಾರ್. ತೀರ ದೊಡ್ಡದಲ್ಲ, ತೀರ ಚಿಕ್ಕದಲ್ಲ, ಸಂಸಾರಸ್ಥರ ಕಾರು. ತೊಂಬತ್ತನಾಲ್ಕರಲ್ಲಿ ಮೊದಲನೆಯದು ಬಂತು, ತೊಂಬತ್ತೆಂಟರಲ್ಲಿ ಎರಡನೆಯದು, ಎರಡು ಸಾವಿರದ ಎರಡರಲ್ಲಿ ಮೂರನೆಯದು. ಈ ಸಾವು ನಡೆದದ್ದು ಎರಡು ಸಾವಿರದ ಆರರಲ್ಲಿ. ಆ ವೇಳೆಗೆ ನಮ್ಮ ಕಡೆಯ ಹಳೆ ಕಾರಿನ ಗಿರಾಕಿಗಳೆಲ್ಲ ಕೇಳುತ್ತಿದ್ದುದು ವಿಹಾರನ್ನೇ.

ಕಾರು ನೋಡಲು ಹೋಗುವಾಗ ರಂಗನಾಥ್ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದ.

"ಎಂಜಿನ್ನು ನಾನು ನೋಡ್ತೀನಿ. ಹಿಂದಿನ ಸೀಟು ನಿಮ್ಮದು ಮಾವ. ಓಡಿಸೋನಿಗೆ ಸ್ಟೇರಿಂಗ್ ಒಂದೇ ಕಾಣೋದು. ಮನೆಯವರೆಲ್ಲ ಕೂರೋದು ಹಿಂದೆ ತಾನೆ?"

ನಾನು ಹಿಂದೆ ಕೂತು ಮಂಡಿ ಚಾಚಿ ನೋಡುತ್ತಿದ್ದೆ. ಬಾಗಿಲು ಹಾಕಿ ತೆಗೆಯುತ್ತಿದ್ದೆ. ಹಿಡಿ ತಿರುವಿ ಗಾಜು ಇಳಿಸುತ್ತಿದ್ದೆ. ಹೀಗೆ ಮೂರೂ ತಲೆಮಾರಿನ ವಿಹಾರುಗಳಲ್ಲಿ ಬೇಕಾದಷ್ಟು ಸಲ ಕೂತಿದ್ದೇನೆ.

ಮೊದಲನೆಯದು ದಪ್ಪ ತಗಡಿನದು. ಸ್ಟೇರಿಂಗ್ ತಿರುಗಿಸಲು ತೋಳಿನಲ್ಲಿ ಬಲ ಬೇಕು. ಆದರೆ ಹಿಂದಿನ ಸೀಟು ಎತ್ತರ, ಮಂಡಿನೋವಿನವರಿಗೆ ಹೇಳಿಮಾಡಿಸಿದ್ದು. "ಹಳ್ಳಿ ರಸ್ತೆಗೆ ಇದೇ ಸರಿ. ಬಿಡಿಭಾಗ ಸಿಗೋದು ಕಷ್ಟ, ಅಷ್ಟೆ" ಎನ್ನುತ್ತಿದ್ದ ರಂಗನಾಥ್. ಎರಡನೆಯದರ ಎಂಜಿನ್ನು ಮೂರರಲ್ಲೂ ಉತ್ತಮ. ಆದರೆ ಹಿಂದಿನ ಬಾಗಿಲ ಗಾಜು ಅರ್ಧ ಮಾತ್ರ ಇಳಿಯುತ್ತದೆ. ನಮ್ಮ ಬೇಸಿಗೆಯಲ್ಲಿ ಹಿಂದೆ ಕೂತವರು ಬೇಯಬೇಕು. ಡಿಕ್ಕಿಗೆ ಬೇರೆಯೇ ಒಂದು ಬೀಗದ ಕೈ. ಮೂರನೆಯದಕ್ಕೆ ಮುಖ ಚೆಂದ, ಹೊರಗಿನಿಂದ ಬೆನ್ನು ಮಾತ್ರ ಎರಡನೆಯದರ ಹಾಗೇ. ಎಲ್ಲಕ್ಕೂ ಒಂದೇ ಬೀಗದ ಕೈ. ಗಾಜು ಪೂರ್ತಿ ಇಳಿಯುತ್ತದೆ. ಆದರೆ ಹೊಟ್ಟೆ ತಗ್ಗು, ರಸ್ತೆಯ ಉಬ್ಬಿಗೆಲ್ಲ ಉಜ್ಜುತ್ತದೆ.

"ಮುಖ ನೋಡಿ ಮೂರನೇದು ತಗೋತಾರೆ. ಬುದ್ಧಿ ಇರೋರು ಎರಡನೇದು ತಗೋಬೇಕು" ಎಂದು ನಗುತ್ತಿದ್ದ.

ಕರಿಯಪ್ಪ ಕೇಳಿದ್ದು ಮೂರನೆಯದನ್ನೇ. ಆ ಭಾನುವಾರ ಬೇಲೂರಿನಲ್ಲಿ ಅದನ್ನು ನೋಡಬೇಕಿತ್ತು. ನಾನು ಪಂಚೆ ಉಟ್ಟು ಸಿದ್ಧನಾಗಿದ್ದೆ. ರಂಗನಾಥ್ ಫೋನ್ ಮಾಡಿದ.

"ಇವತ್ತು ನೀವು ಬರೋದು ಬೇಡ ಮಾವ. ಹಿಂದಿನ ಸೀಟು ಹೊಲಿಗೆಗೆ ಹೋಗಿದೆಯಂತೆ. ಕೂರೋಕೇ ಜಾಗ ಇಲ್ಲವಂತೆ."

ಯಾರು ಹೇಳಿದರು ಎಂದು ನಾನು ಕೇಳಲಿಲ್ಲ. ಕೇಳುವಂಥ ಮಾತೂ ಅದಾಗಿರಲಿಲ್ಲ.

ಈಗ ಸೀಟು ಕಣ್ಣೆದುರಿಗಿತ್ತು. ಹೊಲಿಗೆ ಹಳೆಯದು. ಹೊಸ ದಾರದ ಒಂದು ಎಳೆಯೂ ಇರಲಿಲ್ಲ. ಬಾಗಿಲು ಎಳೆದು ಒಳಗೆ ಹತ್ತಿ ಕೂತೆ. ಕೈ ತಾನಾಗಿ ಗಾಜಿನ ಹಿಡಿಗೆ ಹೋಯಿತು. ತಿರುವಿದೆ.

ಗಾಜು ಅರ್ಧಕ್ಕೆ ನಿಂತಿತು.

ಇನ್ನೊಂದು ಬಾಗಿಲಿನದನ್ನೂ ತಿರುವಿದೆ. ಅದೂ ಅರ್ಧಕ್ಕೇ ನಿಂತಿತು.

* * *

ಬೀರೇಶನನ್ನು ಕೈಹಿಡಿದು ಎಳೆದುಕೊಂಡು ಬಂದೆ. ಇಬ್ಬರೂ ಬಗ್ಗಿ ಬಿರಿದ ಹೊಟ್ಟೆ ನೋಡಿದೆವು. ಟಾರು ಬಳಿದ ತಳದಲ್ಲಿ ಅಡ್ಡಡ್ಡಲಾಗಿ ಬೆಸುಗೆಯ ಗೆರೆ ಓಡಿತ್ತು. ಬಿರಿದದ್ದು ಸರಿಯಾಗಿ ಅಲ್ಲೇ.

"ಎರಡು ಕಾರು ಸೇರಿಸಿ ಒಂದು ಮಾಡಿದಾರೆ" ಎಂದ ಅವನು. "ಮುಂದಿನದು ಮೂರನೇದು, ಹಿಂದಿನದು ಎರಡನೇದು. ಸರಿ ಸಾರ್. ಆದರೆ ಮಾಡಿದ್ದು ಯಾರು?"

ಕಾರು ಇಬ್ಬರ ಕೈಯಿಂದ ಬಂದಿತ್ತು. ಒಬ್ಬ ಅರಸೀಕೆರೆಯ ದಲ್ಲಾಳಿ ಗಿಡ್ಡಯ್ಯ. ಇನ್ನೊಬ್ಬ ಬೇಲೂರಿನಲ್ಲಿ ಹಳೆ ಕಾರು ಮಾರುವ ಷಡಕ್ಷರಪ್ಪ.

ಗಿಡ್ಡಯ್ಯನನ್ನು ಕಂಡರೆ ಯಾರಿಗೂ ಆಗದು. ಹಿಂದಿನ ತಿಂಗಳಷ್ಟೇ ಅರಸೀಕೆರೆ ಕೊಬ್ಬರಿ ಮಂಡಿಯ ಮುಂದೆ ರಂಗನಾಥನ ಕಾಲರ್ ಹಿಡಿದಿದ್ದ. "ನನ್ನ ವ್ಯಾಪಾರಕ್ಕೆ ಮಣ್ಣು ಹಾಕ್ತೀಯೇನ್ಲಾ? ಒಂದು ದಿನ ನಿನಗೂ ಐತೆ" ಎಂದಿದ್ದನ್ನು ಊರೇ ಕೇಳಿತ್ತು. ಬೀರೇಶ್ ಅವನನ್ನೇ ಮೊದಲು ಕರೆಸಿದ.

"ಬೈದಿದ್ದು ನಿಜ ಸ್ವಾಮಿ" ಎಂದ ಗಿಡ್ಡಯ್ಯ. "ಕುಡಿದಾಗ ನಮ್ಮಪ್ಪನ್ನೂ ಬೈತೀನಿ. ಆ ಕಾರು ಲಾರಿಗೆ ಸಿಕ್ಕಿ ಹಿಂದೆ ಚಿಂದಿಯಾಗಿತ್ತು. ಗುಜರಿ ಮಾಲು ಅಂತಲೇ ಷಡಕ್ಷರಪ್ಪಂಗೆ ಕೊಟ್ಟೆ. ಆಮೇಲೆ ಅದರ ಮುಖ ನೋಡಿಲ್ಲ."

"ಸುಳ್ಳು" ಎಂದ ಷಡಕ್ಷರಪ್ಪ, ತಣ್ಣಗಿನ ದನಿಯಲ್ಲಿ. "ಗಿಡ್ಡಯ್ಯ ತಂದುಕೊಟ್ಟಿದ್ದು ಇಡೀ ಕಾರು. ನಾನು ಬಣ್ಣ ಹೊಡೆಸಿದೆ ಅಷ್ಟೆ. ಡಿಕ್ಕಿಗೆ ಬೀಗದ ಕೈ ಕೂಡ ಬರಲಿಲ್ಲ. ಬೀಗ ಜಾಮ್ ಆಗಿದೆ ಅಂತ ಇವನೇ ಹೇಳಿದ್ದು."

ಷಡಕ್ಷರಪ್ಪ ಮಣ್ಣಿಗೆ ಬಂದವನು. ಹಾರ ತಂದವನು. ಮಂಜುಶ್ರೀಗೆ ಕೈಮುಗಿದು, "ತಾಯೀ, ನನ್ನ ತಮ್ಮ ಹೋದ ಹಾಗಾಯ್ತು" ಎಂದು ಕಣ್ಣು ಒರೆಸಿಕೊಂಡವನು. ಕುಡುಕನ ಮಾತಿಗೂ ಇವನ ಮಾತಿಗೂ ತೂಕ ಹಾಕಿದರೆ ಯಾರು ಗಿಡ್ಡಯ್ಯನ ಕಡೆ ನಿಲ್ಲುತ್ತಾರೆ? ಬೀರೇಶನೂ ನಿಲ್ಲಲಿಲ್ಲ. ನಿಜ ಹೇಳಬೇಕೆಂದರೆ ನಾನೂ ನಿಲ್ಲಲಿಲ್ಲ.

"ಗಿಡ್ಡಯ್ಯನೇ ಇರಬೇಕು. ಆದರೆ ಸಾಕ್ಷಿ ಎಲ್ಲಿ ಸಾರ್?" ಎಂದ ಬೀರೇಶ್.

ಮತ್ತೆ ಅದೇ ಬೆಂಚು. ಅದೇ ಕಾಯುವುದು.

* * *

ಶುಕ್ರವಾರ ಬೇಲೂರಿಗೆ ಹೋದೆ. ಚೆನ್ನಕೇಶವನ ಮುಂದೆ ನಿಂತೆ, ಬೇಡಲು ಬಾಯಿ ಬರಲಿಲ್ಲ. ತೀರ್ಥ ತೆಗೆದುಕೊಂಡು ಹೊರಟೆ. ದಾರಿಯಲ್ಲೇ ಷಡಕ್ಷರಪ್ಪನ ಅಂಗಡಿ.

"ಬನ್ನಿ ಮೇಷ್ಟ್ರೇ, ಒಳ್ಳೆ ಹೊತ್ತಿಗೆ ಬಂದ್ರಿ. ಮಂಗಳಾರತಿ ತಗೊಳ್ಳಿ."

ದೇವರ ಪಟದ ಮುಂದೆ ಹಿತ್ತಾಳೆ ತಟ್ಟೆ. ತಟ್ಟೆಯ ತುಂಬ ಬೀಗದ ಕೈಗಳು. ಅಂಗಡಿಯದು, ಬೀರುವಿನದು, ಮಾರಲು ನಿಲ್ಲಿಸಿದ ಕಾರುಗಳದು. ಎಲ್ಲಕ್ಕೂ ಅರಿಸಿನ ಕುಂಕುಮ ಹಚ್ಚಿತ್ತು. ಕೆಲವಕ್ಕೆ ಹಳೆಯ ವಾರಗಳ ಕುಂಕುಮ ಒಣಗಿ ಕಪ್ಪಾಗಿತ್ತು.

"ಇಷ್ಟೊಂದು ಕಾರು ಇದೆಯೇ ನಿಮ್ಮಲ್ಲಿ?" ಎಂದೆ.

"ಎಲ್ಲಿ ಬಂತು. ಹಳೇವೂ ಸೇರಿವೆ. ಲಕ್ಷ್ಮಿ ಅಲ್ಲವೇ, ಬಿಸಾಕೋಕೆ ಆಗುತ್ತಾ?"

ಆರತಿ ತೆಗೆದುಕೊಂಡು ಬಸ್ಸು ಹತ್ತಿದೆ. ಆ ಮಾತು ಹಳೇಬೀಡಿನವರೆಗೂ ಬಿಡಲಿಲ್ಲ. ನನ್ನ ಹೆಂಡತಿ ಕೆಂಪಲಕ್ಷ್ಮಮ್ಮ ದೇವರ ಗೂಡಿನಲ್ಲಿ ಒಂದು ಬೀಗದ ಕೈ ಇಟ್ಟಿದ್ದಾಳೆ. ಅದು ಅವಳ ತವರಿನ ಪೆಟ್ಟಿಗೆಯದು. ಪೆಟ್ಟಿಗೆ ಗೆದ್ದಲು ಹಿಡಿದು ಹೋಗಿ ಎಷ್ಟೋ ವರ್ಷವಾಯಿತು. ಬೀಗದ ಕೈಗೆ ಇವತ್ತಿಗೂ ಕುಂಕುಮ ತಪ್ಪಿಲ್ಲ.

ಮನೆಗೆ ಹೋಗಲಿಲ್ಲ. ನೇರ ಠಾಣೆಗೆ ನಡೆದೆ.

"ಬೀರೇಶ್, ಆ ಡಿಕ್ಕಿ ತೆಗೆದಿದ್ದೀರಾ?"

"ಬೀಗದ ಕೈ ಇಲ್ಲವಲ್ಲ ಸಾರ್. ಒಡೆಸಬೇಕು."

"ಒಡೆಸಬೇಡಿ. ಬೀಗದ ಕೈ ಯಾರ ಹತ್ತಿರ ಇದೆಯೋ ಅವನೇ ನೀವು ಹುಡುಕುತ್ತಿರುವವನು."

* * *

ಠಾಣೆಯ ಹಿತ್ತಲಲ್ಲಿ ಎಲ್ಲರೂ ಸೇರಿದರು. ಕರಿಯಪ್ಪ ಊರುಗೋಲು ಹಿಡಿದು ಬಂದಿದ್ದ. ಮಂಜುಶ್ರೀ ಗೋಡೆಗೆ ಒರಗಿ ನಿಂತಿದ್ದಳು. ಗಿಡ್ಡಯ್ಯ ಅಂದು ಕುಡಿದಿರಲಿಲ್ಲ. ಪೇದೆ ಬೇಲೂರಿನಿಂದ ಹಿತ್ತಾಳೆ ತಟ್ಟೆಯನ್ನು ಹಾಗೇ ವಸ್ತ್ರ ಮುಚ್ಚಿ ತಂದಿದ್ದ.

"ಇದೇನು ಸ್ವಾಮಿ, ದೇವರ ಮುಂದಿನದ್ದು" ಎಂದ ಷಡಕ್ಷರಪ್ಪ.

"ಕಾಲ್ಮೆಟ್ಟು ಬಿಟ್ಟೇ ಮುಟ್ತೀವಿ" ಎಂದ ಬೀರೇಶ್. ನಿಜವಾಗಿಯೂ ಬೂಟು ಬಿಚ್ಚಿದ.

ಮೊದಲು ಗಿಡ್ಡಯ್ಯನ ಬೀಗದ ಕೈ ಗೊಂಚಲು. ಒಂದೂ ಕೂರಲಿಲ್ಲ.

"ನನ್ನ ಮನೆ ಬೀಗದ್ದೂ ಹಾಕಿ ನೋಡಿ ಸ್ವಾಮಿ, ನನ್ನ ಹೆಂಡ್ರಿಗೂ ಸಮಾಧಾನ ಆಗ್ಲಿ" ಎಂದ ಗಿಡ್ಡಯ್ಯ. ಪೇದೆ ನಗು ನುಂಗಿಕೊಂಡ.

ಆಮೇಲೆ ತಟ್ಟೆ. ಬೀರೇಶ್ ಒಂದೊಂದಾಗಿ ಹಾಕಿ ತೆಗೆದ. ಷಡಕ್ಷರಪ್ಪ ಹಿತ್ತಲಾಚೆಯ ಕೆರೆಯ ಕಡೆ ನೋಡುತ್ತಿದ್ದ. ಉದ್ದ ಕತ್ತಿನ ಒಂದು ಬೀಗದ ಕೈ, ಹಲ್ಲುಗಳ ಸಂದಿಯಲ್ಲಿ ಒಣಗಿದ ಕುಂಕುಮ. ಬೀಗದೊಳಗೆ ಹೋಯಿತು. ತಿರುಗಿತು. ಡಿಕ್ಕಿ ಮೇಲೆದ್ದಿತು.

ಒಳಗೆ ಗೋಣಿಚೀಲ ಹಾಸಿತ್ತು. ಎತ್ತಿದರೆ ಒರಟು ಬೆಸುಗೆ. ಅದರ ಮೇಲೆ ಬಣ್ಣವನ್ನೂ ಬಳಿದಿರಲಿಲ್ಲ.

ಬೀರೇಶ್ ನನ್ನ ಕಡೆ ತಿರುಗಿದ. "ನೀವೇ ಹೇಳಿ ಸಾರ್."

ಹೇಳಿದೆ.

"ಮೂರನೆಯ ವಿಹಾರಿಗೆ ಇರುವುದು ಒಂದೇ ಬೀಗದ ಕೈ. ಡಿಕ್ಕಿಗೆ ಬೇರೆ ಇರುವುದು ಎರಡನೆಯದಕ್ಕೆ. ಗಿಡ್ಡಯ್ಯ ಕೊಟ್ಟ ಗುಜರಿ ಕಾರಿನ ಮುಂಭಾಗಕ್ಕೆ ಇವರು ಬೇರೊಂದು ಹಳೆಯ ಕಾರಿನ ಹಿಂಭಾಗ ಸೇರಿಸಿದರು. ಆ ಹಿಂಭಾಗದ ಜೊತೆ ಬಂದದ್ದು ಈ ಬೀಗದ ಕೈ. ಕೊಟ್ಟರೆ ಎರಡು ಬೀಗದ ಕೈ ಯಾಕೆ ಎಂದು ರಂಗನಾಥ್ ಕೇಳುತ್ತಾನೆ. ಅದಕ್ಕೇ ಜಾಮ್ ಎಂದರು. ಎಂಜಿನ್ನು ಚೆನ್ನಾಗಿತ್ತು, ಹೊರಗೆ ಹೊಸ ಬಣ್ಣವಿತ್ತು. ಇನ್ನು ಉಳಿದದ್ದು ನಾನು. ಈ ಮುದುಕ ಹಿಂದೆ ಕೂತು ಗಾಜು ಇಳಿಸುತ್ತಾನೆ ಎನ್ನುವುದು ಕಾರು ಮಾರುವವರಿಗೆಲ್ಲ ಗೊತ್ತು. ಸೀಟು ಹೊಲಿಗೆಗೆ ಹೋಗಿದೆ ಎಂದು ಸುಳ್ಳು ಹೇಳಿದ್ದು ನನ್ನನ್ನು ದೂರ ಇಡಲಿಕ್ಕೆ. ಮೋರಿಯ ಉಬ್ಬಿನಲ್ಲಿ ಬೆಸುಗೆ ಬಿಟ್ಟಿತು. ಅದಾದ ಮೇಲೆ ಸ್ಟೇರಿಂಗ್ ಯಾರ ಮಾತು ಕೇಳುತ್ತದೆ?"

ಷಡಕ್ಷರಪ್ಪ ತಟ್ಟೆಯನ್ನೇ ನೋಡುತ್ತಾ ನಿಂತಿದ್ದ.

"ಅವರನ್ನ ಸಾಯಿಸಬೇಕು ಅಂತ ಇರಲಿಲ್ಲ ಮೇಷ್ಟ್ರೇ. ಬೇಲೂರಲ್ಲೇ ಒಂದು ಸುತ್ತು ಹಾಕ್ತಾರೆ ಅಂದ್ಕೊಂಡಿದ್ದೆ. ಆ ಬೀಗದ ಕೈ ಅವತ್ತೇ ಕೆರೆಗೆ ಎಸೆಯೋಣ ಅಂತ ಹೋಗಿದ್ದೆ. ಪೂಜೆ ಮಾಡಿದ್ದು, ಮನಸ್ಸು ಬರಲಿಲ್ಲ."

"ಕಾರು ಕೊಟ್ಟು ಕಳಿಸೋಕೆ ಮನಸ್ಸು ಬಂತಲ್ಲ" ಎಂದೆ.

ಪೇದೆ ಅವನ ತೋಳು ಹಿಡಿದ.

* * *

ನನಗೆ ಇನ್ನೊಂದು ಕೇಳುವುದಿತ್ತು.

"ಕರಿಯಪ್ಪ, ಅವತ್ತು ರಂಗನಾಥ್ ಹಳೇಬೀಡಿನ ಕಡೆ ಯಾಕೆ ತಿರುಗಿಸಿದ? ಪೂರ್ತಿ ಹೇಳಪ್ಪ."

ಕರಿಯಪ್ಪ ಊರುಗೋಲನ್ನು ಮಣ್ಣಿಗೆ ಊರಿ ನಿಂತ.

"ಮಾವನ ಮನೆಗೆ ಹೋಗೋಣ ಅಂದ್ರು. ಪೊಲೀಸ್ನೋರು ಅಷ್ಟೇ ಬರ್ಕೊಂಡ್ರು. ನನಗೂ ಕಾಲು ನೋವು, ಸುಮ್ಮನಾದೆ. ಡಿಕ್ಕಿ ತೆಗೆಯಕ್ಕೆ ಬರಲಿಲ್ಲವಲ್ಲ, ಆವಾಗ ಅವರು ಹಿಂದಕ್ಕೆ ನೋಡಿದ್ರು. 'ಸೀಟು ಇಲ್ಲೇ ಐತಲ್ಲ, ಇಲ್ಲ ಅಂದಿದ್ಯಾಕೆ' ಅಂದ್ರು. ಹೂಂ ಅನ್ನಿ ಸಾರ್, ಮುಗಿಸಾನ ಅಂದೆ. 'ಉಹೂಂ, ಮಾವ ಕೂತು ನೋಡ್ಲಿ, ಆಮೇಲೆ ಹೇಳ್ತೀನಿ' ಅಂದ್ರು."

ಅವನು ಮಂಜುಶ್ರೀಯ ಕಡೆ ತಿರುಗಿದ.

"ನಿಧಾನಕ್ಕೇ ಓಡಿಸ್ತಿದ್ರು ಕಣವ್ವ. ಊರೋರು ಅಂದಿದ್ದು ಸುಳ್ಳು. ನಮ್ಮೂರಲ್ಲಿ ನಾನು ಹೇಳ್ತೀನಿ."

ಮಂಜುಶ್ರೀ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಂಡ ಹೋದ ದಿನದಿಂದ ಅವಳು ಅತ್ತಿರಲಿಲ್ಲ. ಅಂದು ಅತ್ತಳು.

ಬೀರೇಶ್ ನನ್ನ ಎದುರಿಗೇ ಕಡತ ತೆಗೆದು ಅತಿವೇಗ ಎಂಬುದನ್ನು ಹೊಡೆದುಹಾಕಿದ. ಅದಕ್ಕಾಗಿ ಎಷ್ಟು ದಿನ ಅಲೆದಿದ್ದೆ. ಈಗ ನೋಡಿದರೆ ಸಮಾಧಾನಕ್ಕಿಂತ ಆಯಾಸವೇ ಹೆಚ್ಚು.

ಎಲ್ಲರೂ ಹೋದ ಮೇಲೆ ಮತ್ತೊಮ್ಮೆ ಆ ಹಿಂದಿನ ಸೀಟಿನಲ್ಲಿ ಕೂತೆ. ಅವನು ನನ್ನನ್ನು ಇಲ್ಲಿ ಕೂರಿಸಲೆಂದೇ ಬರುತ್ತಿದ್ದ. ಕೂತು ನೋಡಿದ್ದೇನೆ ರಂಗ. ಈ ಕಾರು ಬೇಡ.

ಕೇಶವಾ, ನನ್ನ ಮಗು ನಿನ್ನ ಕಡೆಗೆ ಬಂದಿದೆ. ಸರಿಯಾಗಿ ನೋಡದೆ ಯಾರಿಗೂ ಹೂಂ ಎಂದವನಲ್ಲ. ಅವನಿಗೆ ನಿನ್ನ ಪಾದದ ಹತ್ತಿರ ನೆಮ್ಮದಿಯ ಜಾಗ ಕೊಡು. ಅವನ ಆತ್ಮಕ್ಕೆ ಶಾಂತಿ ಕೊಡು.